ಪ್ಯಾನ್‌ಕೇಕ್ ಲೆನ್ಸ್: ಚೌಕಿಗೆ ಒಗ್ಗುವ ಚಪ್ಪಟೆ ಲೆನ್ಸ್

ಉದ್ದ ತೀರಾ ಕಮ್ಮಿ ಇರುವ ಚಪ್ಪಟೆ ಕ್ಯಾಮೆರಾ ಲೆನ್ಸಿಗೆ ಪ್ಯಾನ್‌ಕೇಕ್ ಲೆನ್ಸ್ ಎನ್ನುತ್ತಾರೆ. ದೋಸೆಯ ಹಾಗೆ ತೆಳ್ಳಗಿದೆ ಎಂದು ಆ ಹೆಸರು. ಇಷ್ಟೇ ಮಿಲಿಮೀಟರ್ ಇರಬೇಕು ಎಂಬ ನಿಯಮವೇನೂ ಇಲ್ಲ. ಸುಮಾರು 25 ಮಿ.ಮೀ. ಒಳಗಿದ್ದರೆ ಹಾಗೆ ಕರೆಯುವುದು ರೂಢಿ. ಕ್ಯಾನನ್ 2012ರಲ್ಲಿ ತಂದ 40 ಎಂಎಂ ಎಫ್/2.8 ಲೆನ್ಸಿನ ಉದ್ದ 22.8 ಮಿ.ಮೀ., ತೂಕ 130 ಗ್ರಾಂ. (40 ಎಂಎಂ ಅನ್ನುವುದು ಲೆನ್ಸಿನ ಉದ್ದವಲ್ಲ, ನೋಟ ಎಷ್ಟು ಅಗಲ ಎಂದು ಹೇಳುವ ಫೋಕಲ್ ಲೆಂತ್. ಎಫ್/2.8 ಬೆಳಕಿನ ಕಿಂಡಿಯ ಅಳತೆ, ಆ ಅಂಕಿ ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು.) ಅದೇ ಕಂಪನಿಯ 24-70 ಎಂಎಂ ಎಫ್/2.8 ಝೂಮ್, ಎರಡನೇ ಆವೃತ್ತಿ, 805 ಗ್ರಾಂ ತೂಗುತ್ತದೆ. ಮದುವೆ ಹಾಲ್‌ನಲ್ಲಿ ಫೋಟೊಗ್ರಾಫರ್‌ಗಳ ಕುತ್ತಿಗೆಯಲ್ಲಿ ನೇತಾಡುವುದು ಹೆಚ್ಚಾಗಿ ಆ ಜಾತಿಯ ಲೆನ್ಸ್.

ಇಷ್ಟು ತೆಳ್ಳಗೆ ಮಾಡಲು ಹೇಗೆ ಸಾಧ್ಯ? ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ಗೆ, ಅಂದರೆ ಚಿತ್ರ ಮೂಡುವ ಫಲಕಕ್ಕೆ, ಇರುವ ದೂರ ಕ್ಯಾನನ್‌ನ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ 44 ಮಿ.ಮೀ. ಲೆನ್ಸಿನ ಫೋಕಲ್ ಲೆಂತ್ ಕೂಡ ಅದರ ಹತ್ತಿರವೇ ಇದ್ದರೆ ಕೆಲಸ ಸುಲಭ. ಅದಕ್ಕಿಂತ ತುಂಬಾ ಕಮ್ಮಿಯಾದರೆ ಬೆಳಕನ್ನು ಹಿಂದಕ್ಕೆ ತಳ್ಳಲು ಜಾಸ್ತಿ ಗಾಜು ಬೇಕು. ತುಂಬಾ ಜಾಸ್ತಿಯಾದರೆ ಲೆನ್ಸೇ ಉದ್ದವಾಗುತ್ತದೆ. 40 ಎಂಎಂ ಆಸುಪಾಸಿನಲ್ಲಿ ಈ ಎರಡೂ ತಾಪತ್ರಯ ಇಲ್ಲ. ಇನ್ನೊಂದು ಗುಟ್ಟು ಎಫ್/2.8ರಲ್ಲಿದೆ. 40ನ್ನು 2.8ರಿಂದ ಭಾಗಿಸಿ ನೋಡಿ: ಬೆಳಕು ಬರಲು ಸುಮಾರು 14 ಮಿ.ಮೀ. ಕಿಂಡಿ ಸಾಕು. ಎಫ್/1.4 ಬೇಕೆಂದರೆ ಅದು 28 ದಾಟುತ್ತದೆ, ಗಾಜೂ ದಪ್ಪವಾಗುತ್ತದೆ.

ಉಪಾಯ ಹೊಸದಲ್ಲ. ನಾಲ್ಕೇ ಗಾಜುಗಳ ಟೆಸ್ಸಾರ್ ವಿನ್ಯಾಸವನ್ನು ಝೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ 1902ರಲ್ಲೇ ಮಾಡಿದ್ದರು. ಆಮೇಲೆ ಬಂದ ಎಷ್ಟೋ ಚಪ್ಪಟೆ ಲೆನ್ಸ್‌ಗಳು, ನಿಕಾನ್‌ನ 45 ಎಂಎಂ ಸೇರಿ, ಅದೇ ದಾರಿ ಹಿಡಿದವು.

ಚಪ್ಪಟೆ ಲೆನ್ಸಿನ ಉಪಯೋಗ ಸರಿಯಾಗಿ ಗೊತ್ತಾಗಬೇಕಾದರೆ ಕಾಸರಗೋಡು ಕಡೆಯ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಬೇಕು. ಆಟಕ್ಕೆ ಮೊದಲು ಕಲಾವಿದರೆಲ್ಲ ಸಾಲಾಗಿ ಕೂತು ಬಣ್ಣ ಹಾಕಿಕೊಳ್ಳುತ್ತಿರುತ್ತಾರೆ. ಕಾಲಿಡಲು ಜಾಗ ಇರುವುದಿಲ್ಲ. ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ತೆಂಕಣ ಶೈಲಿಯ, ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಅಕ್ಕಿಹಿಟ್ಟಿನ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗುತ್ತಾರೆ. ಒಂದರ ಮೇಲೊಂದು ಕೂತು ಅವು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಕೈ ಸ್ವಲ್ಪ ಅಲುಗಿದರೂ ಕೆಟ್ಟಿತು. ಅಂಥ ಹೊತ್ತಿನಲ್ಲಿ ಮುಖದ ಹತ್ತಿರ ದಪ್ಪ ಲೆನ್ಸ್ ಹಿಡಿದರೆ ಅವರ ಗಮನ ಕನ್ನಡಿಯಿಂದ ನಮ್ಮ ಕಡೆಗೆ ತಿರುಗುತ್ತದೆ. ಚಪ್ಪಟೆ ಲೆನ್ಸ್ ಇದ್ದರೆ ಒಮ್ಮೆ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ನನಗೆ ಬೇಕಾದ್ದು ಅದೇ. ಕ್ಯಾನನ್‌ನ 40 ಎಂಎಂ 30 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ, ಹಾಗಾಗಿ ಚುಟ್ಟಿ ಇಡುವ ಬೆರಳೂ ಸಿಗುತ್ತದೆ, ಹಿಂದೆ ಕೂತ ಹಾಸ್ಯಗಾರರೂ ಸಿಗುತ್ತಾರೆ. ಕೇಳಿಯೇ ತೆಗೆಯಬೇಕು, ಅದು ಬೇರೆ ಮಾತು. ಭೂತಕೋಲದಲ್ಲಂತೂ ಮನೆಯವರ, ಗುತ್ತಿನವರ (ಊರಿನ ಹಿರಿ ಮನೆತನದವರ) ಒಪ್ಪಿಗೆ ಇಲ್ಲದೆ ಎಷ್ಟು ಸಣ್ಣ ಕ್ಯಾಮೆರಾ ಆದರೂ ಹೊರಗೆ ತೆಗೆಯಬಾರದು.

ಆದರೆ ಆಟ ಸುರುವಾಗಿ ರಂಗಸ್ಥಳದ ಮುಂದೆ ಕೂತರೆ ಈ ಲೆನ್ಸ್ ಸಾಲದು. ಝೂಮ್ ಇಲ್ಲ, ದೂರದ ವೇಷ ಪುಟ್ಟದಾಗಿ ಕಾಣುತ್ತದೆ. ಎಫ್/1.8 ಲೆನ್ಸಿಗೆ ಹೋಲಿಸಿದರೆ ಎಫ್/2.8ರಲ್ಲಿ ಒಳಗೆ ಬರುವ ಬೆಳಕು ಅರ್ಧಕ್ಕೂ ಕಮ್ಮಿ. ಹಾಗಾಗಿ ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹೊಡೆಯುವಾಗ ಕೈಕಾಲು ಮಸುಕಾಗುತ್ತವೆ. ಹಿಂಬದಿಯನ್ನು ಪೂರ್ತಿ ಮಸುಕು ಮಾಡಿ ಮುಖ ಮಾತ್ರ ಎತ್ತಿ ತೋರಿಸಬೇಕು ಅನ್ನುವವರು 50 ಎಂಎಂ ಎಫ್/1.8 ತೆಗೆದುಕೊಳ್ಳುವುದೇ ಒಳ್ಳೆಯದು. ಅದೂ ಏನು ಭಾರೀ ದೊಡ್ಡದಲ್ಲ. ಪ್ಯಾನ್‌ಕೇಕ್‌ಗಳಲ್ಲಿ ಫೋಟೊದ ಮೂಲೆಗಳು ಸ್ವಲ್ಪ ಕಪ್ಪಾಗುವುದೂ ಉಂಟು. ಕಿಂಡಿಯನ್ನು ಎಫ್/4ಕ್ಕೆ ಕಿರಿದು ಮಾಡಿದರೆ ಅದು ತಕ್ಕಮಟ್ಟಿಗೆ ಸರಿಯಾಗುತ್ತದೆ.

ಕೊಳ್ಳುವ ಮೊದಲು ನಿಮ್ಮ ಕ್ಯಾಮೆರಾದ ಸೆನ್ಸರ್ ಯಾವ ಗಾತ್ರದ್ದು ನೋಡಿಕೊಳ್ಳಿ. ಕ್ಯಾನನ್‌ನ ಸಣ್ಣ ಸೆನ್ಸರ್ ಡಿಎಸ್‌ಎಲ್‌ಆರ್ ಇದ್ದವರು 40ರ ಬದಲು 24 ಎಂಎಂ ಪ್ಯಾನ್‌ಕೇಕ್ ತೆಗೆದುಕೊಳ್ಳಿ. ಸಣ್ಣ ಸೆನ್ಸರ್‌ನಲ್ಲಿ ನೋಟ ಕಿರಿದಾಗುತ್ತದೆ, ಹಾಗಾಗಿ 1.6ರಿಂದ ಗುಣಿಸಿದರೆ ಅದು ಸುಮಾರು 38 ಎಂಎಂ ನೋಟ ಕೊಡುತ್ತದೆ, ಚೌಕಿಗೆ ಸರಿಯಾಗುತ್ತದೆ. ಅದೇ ಕ್ಯಾಮೆರಾಕ್ಕೆ 40 ಹಾಕಿದರೆ 64ರಂತಾಗಿ ಇಕ್ಕಟ್ಟಾಗುತ್ತದೆ, ಹಿಂದೆ ಸರಿಯೋಣ ಅಂದರೆ ಗೋಡೆ. ಫ್ಯೂಜಿಫಿಲ್ಮ್‌ನ 27 ಎಂಎಂ, ಪ್ಯಾನಸೋನಿಕ್‌ನ 20 ಎಂಎಂ ಎಫ್/1.7 ಕೂಡ ಅವುಗಳ ಸೆನ್ಸರ್‌ನಲ್ಲಿ ಹೆಚ್ಚುಕಮ್ಮಿ 40ರ ನೋಟವನ್ನೇ ಕೊಡುತ್ತವೆ. ಪ್ಯಾನಸೋನಿಕ್‌ನದರಲ್ಲಿ ಬೆಳಕು ಜಾಸ್ತಿ, ಫೋಕಸ್ ಮಾತ್ರ ನಿಧಾನ.

ನಮ್ಮ ಕಡೆಯವರು ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಚ್ಚಿನ ಪ್ಯಾನ್‌ಕೇಕ್‌ಗಳಿಗೆ ನೀರು ತಡೆಯುವ ಸೀಲ್ ಇಲ್ಲ. ಫ್ಯೂಜಿಯ 27ಕ್ಕೆ 2021ರ ಆವೃತ್ತಿಯಲ್ಲಿ ಆ ರಕ್ಷಣೆ ಬಂದಿದೆ. ಯಾವುದೇ ಇರಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಕಪಾಟಿನಲ್ಲಿ ಇಡಬೇಡಿ, ಗಾಜಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಆಗಾಗ ಹೊರಗೆ ತೆಗೆದು ಬಳಸಿ.