ವಾನ್: ರೈಲು ಹಡಗು ಹತ್ತುವ ಪ್ರಾಂತ್ಯ

ಟರ್ಕಿಯ ನಕ್ಷೆ ತೆಗೆದುಕೊಳ್ಳಿ. ಪೂರ್ವದ ಅಂಚಿನಲ್ಲಿ, ಇರಾನ್ ಗಡಿಗೆ ತಾಗಿಕೊಂಡಿರುವುದೇ ವಾನ್ ಪ್ರಾಂತ್ಯ. ಈಗ ರೈಲು ಹಳಿಯ ಗೆರೆಯ ಮೇಲೆ ಬೆರಳಿಟ್ಟು ಪಶ್ಚಿಮದಿಂದ ಬನ್ನಿ. ತತ್ವಾನ್ ಊರಿನಲ್ಲಿ ಗೆರೆ ನೀರಿಗೆ ಮುಟ್ಟಿ ನಿಂತುಬಿಡುತ್ತದೆ. ವಾನ್ ಸರೋವರದಾಚೆ, ವಾನ್ ನಗರದ ದಡದಲ್ಲಿ ಮತ್ತೆ ಶುರುವಾಗುತ್ತದೆ. ಅಚ್ಚಿನ ತಪ್ಪೇನಲ್ಲ. ನಡುವಿನ ದಾರಿ ಹಡಗಿನದು.

ಯಾಕೆ ಹೀಗೆ? ಸರೋವರ ಹುಟ್ಟಿದ ಕಥೆ ನೋಡೋಣ. ಇಲ್ಲಿನ ನೀರು ಹೊರಗೆ ಹೋಗುತ್ತಿದ್ದ ದಾರಿಯನ್ನು ನೆಮ್ರುತ್ ಜ್ವಾಲಾಮುಖಿಯ ಲಾವಾ ಮುಚ್ಚಿತು. (ದೊಡ್ಡ ಕಲ್ಲಿನ ತಲೆಗಳಿರುವ ನೆಮ್ರುತ್ ಬೆಟ್ಟ ಬೇರೆ, ಅದು ಅದಿಯಾಮಾನ್ ಪ್ರಾಂತ್ಯದಲ್ಲಿದೆ. ನಾನು ಎಷ್ಟೋ ದಿನ ಎರಡನ್ನೂ ಒಂದೇ ಅಂದುಕೊಂಡಿದ್ದೆ.) ನಿಂತ ನೀರೇ ಟರ್ಕಿಯ ಅತಿ ದೊಡ್ಡ ಸರೋವರವಾಯಿತು. ವಿಸ್ತೀರ್ಣ ಸುಮಾರು 3,700 ಚದರ ಕಿಲೋಮೀಟರ್. ಆಳ ಕೆಲವೆಡೆ 450 ಮೀಟರ್. ಅದೂ ಸಮುದ್ರಮಟ್ಟದಿಂದ 1,640 ಮೀಟರ್ ಎತ್ತರದಲ್ಲಿ!

ನದಿಗಳು ಒಳಗೆ ಬರುತ್ತವೆ, ಒಂದೂ ಹೊರಗೆ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಮತ್ತು ಸೋಡಾ ಉಳಿಯುತ್ತವೆ. ಹಾಗಾಗಿ ಪಿಎಚ್ 9.7ರ ಆಸುಪಾಸು, ಅಂದರೆ ನೀರು ತುಂಬಾ ಕ್ಷಾರೀಯ. ಸೋಪಿಲ್ಲದೆ ಬಟ್ಟೆ ಒಗೆಯಬಹುದಾದ ನೀರು ಅಂದರೆ ಬೇಗ ನೆನಪಿರುತ್ತದೆ, ಅಲ್ವಾ? ಇಲ್ಲಿ ಬದುಕುವ ಇಂಜಿ ಕೆಫಾಲಿ ಮೀನು ಕೂಡ ಮೊಟ್ಟೆಯಿಡಲು ವಸಂತದಲ್ಲಿ ಸಿಹಿನೀರಿನ ನದಿಗಳಿಗೆ ಎದುರೀಜುತ್ತದೆ.

ಈ ಉಪ್ಪಿನಿಂದ ಸಾರಿಗೆಗೆ ಲಾಭವೂ ಇದೆ. ಚಳಿಗಾಲದಲ್ಲಿ ಸುತ್ತೆಲ್ಲ ಹಿಮ ಬಿದ್ದರೂ ಸರೋವರ ಸಾಮಾನ್ಯವಾಗಿ ಹೆಪ್ಪುಗಟ್ಟುವುದಿಲ್ಲ, ಹಡಗು ಓಡಬಹುದು. ದಂಡೆಯ ಗುಡ್ಡಗಳನ್ನು ಕೊರೆದು ಹಳಿ ಹಾಕುವುದು ತುಂಬಾ ದುಬಾರಿ. ಅದಕ್ಕೇ 1970ರ ದಶಕದಿಂದ ರೈಲು ದೋಣಿಗಳು. ಹಡಗಿನೊಳಗೇ ಹಳಿಗಳಿವೆ, ಗೂಡ್ಸ್ ವ್ಯಾಗನ್‌ಗಳನ್ನು ಹಾಗೇ ಒಳಗೆ ತಳ್ಳುತ್ತಾರೆ. ವಾನ್‌ನಿಂದ ಮುಂದೆ ಕಪಿಕೋಯ್ ಗಡಿ ದಾಟಿ ಹಳಿ ಇರಾನ್ ಸೇರುತ್ತದೆ. ಟೆಹರಾನಿಗೆ ಹೊರಟ ಟ್ರಾನ್ಸ್ ಏಷ್ಯಾ ಎಕ್ಸ್‌ಪ್ರೆಸ್‌ನ ಪ್ರಯಾಣಿಕರು ಮಾತ್ರ ತತ್ವಾನ್‌ನಲ್ಲಿ ಇಳಿದು, ಹಡಗಿನಲ್ಲಿ ದಾಟಿ, ವಾನ್‌ನಲ್ಲಿ ಇನ್ನೊಂದು ರೈಲು ಹತ್ತುತ್ತಿದ್ದರು.

ಒಂದು ಎಚ್ಚರಿಕೆ: ಸರೋವರವಿಡೀ ವಾನ್ ಪ್ರಾಂತ್ಯದ್ದು ಅಂತ ಬರೆಯಬೇಡಿ. ಪಶ್ಚಿಮದ ಭಾಗ, ತತ್ವಾನ್ ಸಮೇತ, ಬಿಟ್ಲಿಸ್ ಪ್ರಾಂತ್ಯಕ್ಕೆ ಸೇರಿದೆ. ರಸ್ತೆಯಲ್ಲಿ ಹೋಗುವವರು ದಕ್ಷಿಣ ದಂಡೆ ಹಿಡಿಯುತ್ತಾರೆ. ಆ ದಾರಿಯ ಗೆವಾಶ್ ಹತ್ತಿರದಿಂದಲೇ ಅಕ್ದಾಮರ್ ದ್ವೀಪಕ್ಕೆ, 10ನೇ ಶತಮಾನದ ಅರ್ಮೇನಿಯನ್ ಚರ್ಚ್ ನೋಡಲು, ದೋಣಿಗಳು ಹೊರಡುತ್ತವೆ.