ಬೇಸ್ತವಾರ ಹಸಿರು, ‘ಕ’ ಇಟ್ಟಂಗಿ ಬಣ್ಣ

ನಮ್ಮ ಕಡೆ ‘ಧಾರವಾಡಕ್ಕ ಕರ್ಕೊಂಡು ಹೋಗ್ರಿ’ ಅಂದರೆ ಒಂದೇ ಅರ್ಥ. ಇಲ್ಲಿನ ಹಳೆಯ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಆಗಿದೆ. ಆದರೂ ಆ ಮಾತಿನ ಚುಚ್ಚು ಹೋಗಿಲ್ಲ. ನರಗುಂದದ ಕಡೆಯ ರೈತರೊಬ್ಬರಿಗೆ ಪಕ್ಕದ ಮನೆಯವರು ಇದೇ ಮಾತು ಅಂದಿದ್ದರು. ಅವರು ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದರು. ಜೊತೆಗೆ ಅವರ ತಾಯಿಯೂ ಇದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

“ಡಾಕ್ಟರ್ರ, ಅಕ್ಷರಕ್ಕ ಬಣ್ಣ ಅದಾವ ಅಂತಾಳ್ರಿ. ಪುಸ್ತಕದಾಗ ನೋಡಿದ್ರ ಎಲ್ಲಾ ಕರೇನ ಐತಿ.”

ಹುಡುಗಿ ಒಂಬತ್ತನೇ ಇಯತ್ತೆ. ಮೊದಲು ಮಾತಾಡಲಿಲ್ಲ. ಕಾಗದ, ಪೆನ್ನು ಕೊಟ್ಟ ಮೇಲೆ ಹೇಳತೊಡಗಿದಳು. ‘ಕ’ ಇಟ್ಟಂಗಿ ಬಣ್ಣ. ‘ಮ’ ಜೋಳದ ಹಿಟ್ಟಿನ ಬಣ್ಣ. ಕಾಗುಣಿತ ಬರೆಯುತ್ತಾ ಹೋದರೆ ಇಟ್ಟಂಗಿ ಬಣ್ಣ ಬದಲಾಗುವುದಿಲ್ಲ, ಸ್ವಲ್ಪ ತಿಳಿ ಆಗುತ್ತದೆ ಅಷ್ಟೇ. ಯಾವಾಗಿನಿಂದ ಹೀಗೆ ಅಂತ ಕೇಳಿದೆ. “ಅಕ್ಷರ ಕಲ್ತಾಗಿಂದ್ರಿ.”

ಅಪ್ಪನ ನಿಜವಾದ ಭಯ ಆಮೇಲೆ ಹೊರಬಂತು. ಅವರ ಸೋದರಮಾವನಿಗೆ ಸ್ಕಿಝೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಕಾರಣವಿಲ್ಲದ ಸಂಶಯ ಬರುವ ಮನೋರೋಗ) ಇತ್ತು. ಇದು ಅದರ ಶುರುವೇ ಅಂತ ಅವರ ಪ್ರಶ್ನೆ. ನಾನು ಉತ್ತರ ಹೇಳುವಷ್ಟರಲ್ಲಿ ಅಜ್ಜಿ ಬಾಯಿ ಹಾಕಿದರು. “ಅದಕ್ಯಾಕ ಹೆದರ್ತೀಯೋ? ಬೇಸ್ತವಾರ ಹಸರ ಇರ್ತೈತಿ, ಶನಿವಾರ ತುಕ್ಕ ಹಿಡದ ಕಬ್ಬಣದ್ದ. ಎಲ್ಲಾರಿಗೂ ಹಂಗ ಅಲ್ಲೇನು?”

ಅಜ್ಜಿಗೆ ಓದು ಬರಹ ಬರುವುದಿಲ್ಲ. ಅಕ್ಷರದ ಬಣ್ಣ ಅವರಿಗೆ ಗೊತ್ತಿಲ್ಲ, ವಾರಗಳ ಬಣ್ಣ ಗೊತ್ತು. ಎಪ್ಪತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಅದು ಹೇಳುವಂಥ ವಿಷಯ ಅಂತಲೇ ಅನಿಸಿರಲಿಲ್ಲ.

ಇದಕ್ಕೆ ಸಿನೆಸ್ತೀಸಿಯಾ ಅನ್ನುತ್ತಾರೆ. ಒಂದು ಇಂದ್ರಿಯಕ್ಕೆ ಸಿಕ್ಕಿದ್ದು ಇನ್ನೊಂದನ್ನೂ ಎಬ್ಬಿಸುತ್ತದೆ. ಸ್ವರ ಕೇಳಿದರೆ ಬಣ್ಣ, ಶಬ್ದ ಕೇಳಿದರೆ ರುಚಿ, ಹೀಗೆ ನಾನಾ ಬಗೆ. 2006ರ ಒಂದು ಬ್ರಿಟಿಷ್ ಅಧ್ಯಯನದ ಪ್ರಕಾರ ನೂರರಲ್ಲಿ ಸುಮಾರು ನಾಲ್ಕು ಜನರಿಗೆ ಯಾವುದೋ ಒಂದು ಬಗೆಯದು ಇರುತ್ತದೆ. ಇದು ಮನೆತನದಲ್ಲಿ ಹರಿಯುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1880ರ ಹೊತ್ತಿಗೇ ಗಮನಿಸಿದ್ದ. ಒಂದೇ ಮನೆಯಲ್ಲಿ ಅಜ್ಜಿಗೆ ಒಂದು ಬಗೆ, ಮೊಮ್ಮಗಳಿಗೆ ಇನ್ನೊಂದು ಬಗೆ ಇರುವುದು ಸಾಮಾನ್ಯ.

ಹಾಗಾದರೆ ಒಂದು ಜೀನ್ ಇರಬೇಕು ಅಲ್ವಾ? ಹುಡುಕಿದವರಿಗೆ ಹಾಗೆ ಸಿಗಲಿಲ್ಲ. 2009ರಲ್ಲಿ 43 ಕುಟುಂಬಗಳನ್ನು ನೋಡಿದಾಗ ಜೀನ್‌ಗಳನ್ನು ಹೊತ್ತ ನಾಲ್ಕು ಬೇರೆ ಬೇರೆ ಕ್ರೋಮೋಸೋಮ್‌ಗಳ ಮೇಲೆ ಸುಳಿವು ಸಿಕ್ಕಿತು. ಅವುಗಳಲ್ಲಿ ಎರಡನೇ ಕ್ರೋಮೋಸೋಮ್‌ನ ಜಾಗವನ್ನು ಆಟಿಸಂ (ಚಿಕ್ಕಂದಿನಿಂದಲೇ ಮಾತು, ಬೆರೆಯುವ ರೀತಿ ಬೇರೆ ಥರ ಇರುವ ಸ್ಥಿತಿ) ಸಂಶೋಧಕರೂ ಮೊದಲೇ ಗುರುತಿಸಿದ್ದರು. 2011ರಲ್ಲಿ ಇನ್ನೊಂದು ತಂಡಕ್ಕೆ ಹದಿನಾರನೇ ಕ್ರೋಮೋಸೋಮ್‌ನಲ್ಲಿ ಸುಳಿವು ಸಿಕ್ಕಿತು. 2018ರ ಅಧ್ಯಯನ ನನಗೆ ಬಹಳ ಇಷ್ಟ. ಶಬ್ದಕ್ಕೆ ಬಣ್ಣ ಕಾಣುವ ಮೂರು ಕುಟುಂಬಗಳ ಜೀನ್‌ಗಳನ್ನು ಓದಿದರು. 37 ಜೀನ್‌ಗಳಲ್ಲಿ ಅಪರೂಪದ ಬದಲಾವಣೆ ಸಿಕ್ಕವು. ಮೂರೂ ಮನೆಗಳಿಗೆ ಸೇರಿದ್ದು ಒಂದೂ ಇರಲಿಲ್ಲ. ಆದರೆ ಅವುಗಳಲ್ಲಿ ಹಲವು ಮಾಡುವ ಕೆಲಸ ಒಂದೇ. ಮಿದುಳು ಬೆಳೆಯುವಾಗ ನರದ ಎಳೆಗಳು ಎಲ್ಲಿಗೆ ಹೋಗಿ ಸೇರಬೇಕು ಅಂತ ದಾರಿ ತೋರಿಸುವ ಕೆಲಸ. ಬೇರೆ ಬೇರೆ ಕಡೆ ಬದು ಒಡೆದರೂ ನೀರು ಹೋಗುವುದು ಪಕ್ಕದ ಹೊಲಕ್ಕೇ, ಹಾಗೆ.

ಈಗ ಆ ಅಪ್ಪನ ಪ್ರಶ್ನೆ. ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿರಲಿಲ್ಲ. ಆಟಿಸಂ, ಸ್ಕಿಝೋಫ್ರೇನಿಯಾಗಳಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂದರೆ ಅದು ಸರಿಯಲ್ಲ. 2013ರ ಒಂದು ಅಧ್ಯಯನದಲ್ಲಿ ಆಟಿಸಂ ಇರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 19 ಜನರಿಗೆ ಸಿನೆಸ್ತೀಸಿಯಾ ಇತ್ತು, ಆಟಿಸಂ ಇಲ್ಲದವರಲ್ಲಿ ಸುಮಾರು 7. 2019ರಲ್ಲಿ ಅಕ್ಷರಕ್ಕೆ ಬಣ್ಣ ಕಾಣುವ ನೂರಾರು ಜನರ ಡಿಎನ್‌ಎ ನೋಡಿದರು. ಸ್ಕಿಝೋಫ್ರೇನಿಯಾಕ್ಕೆ ಸಂಬಂಧಪಟ್ಟ ಸಾವಿರಾರು ಸಣ್ಣ ಬದಲಾವಣೆಗಳ ಒಟ್ಟು ಲೆಕ್ಕ ಅವರಲ್ಲಿ ಸ್ವಲ್ಪ ಜಾಸ್ತಿ ಇತ್ತು. ಸ್ವಲ್ಪ ಅಂದರೆ ತೀರಾ ಸ್ವಲ್ಪ. ಅದನ್ನು ನೋಡಿ ಒಬ್ಬ ಹುಡುಗಿಯ ಭವಿಷ್ಯ ಹೇಳಲು ಆಗುವುದಿಲ್ಲ. ಅದೇ ಲೆಕ್ಕ ಜಾಸ್ತಿ ಇದ್ದೂ ಆರಾಮಾಗಿ ಬದುಕುವವರು ಎಲ್ಲ ಊರಲ್ಲೂ ಇದ್ದಾರೆ. ಸೋದರಮಾವನ ಕಾಯಿಲೆಯಿಂದ ಆ ಮನೆಗೆ ಒಂದಿಷ್ಟು ಅಪಾಯ ಇದ್ದೇ ಇದೆ. ಆದರೆ ಬಣ್ಣದ ಅಕ್ಷರ ಅದರ ಮೊದಲ ಹೆಜ್ಜೆಯಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಕೆಲಸ ಶುರುಮಾಡಿದ ಹೊಸದರಲ್ಲಿ ತಬಲಾ ಕಲಿಯುತ್ತಿದ್ದ ಹುಡುಗನೊಬ್ಬ ಬೋಲ್‌ಗಳಿಗೆ ಬಣ್ಣ ಕಾಣುತ್ತದೆ ಅಂದಿದ್ದ. ನಾನು ಅವನ ಫೈಲಿನಲ್ಲಿ ಭ್ರಮೆ ಅಂತ ಬರೆದು ಮಾತ್ರೆ ಕೊಟ್ಟೆ. ಮುಂದಿನ ಸಲ ಬಂದಾಗ ಅವನು ಬಣ್ಣದ ಮಾತೇ ಎತ್ತಲಿಲ್ಲ. ಗುಣವಾಯಿತು ಅಂದುಕೊಂಡೆ. ಅವನು ಹೇಳುವುದನ್ನು ಬಿಟ್ಟಿದ್ದ ಅಷ್ಟೇ. ಆ ತಪ್ಪು ಈಗಲೂ ನನಗೆ ನೋವು ಕೊಡುತ್ತದೆ.

ಈಗ ನಾನು ಮಾಡುವುದು ಸರಳ ಪರೀಕ್ಷೆ. ವರ್ಣಮಾಲೆಯ 49 ಅಕ್ಷರಗಳ ಬಣ್ಣ ಬರೆಸಿಕೊಳ್ಳುತ್ತೇನೆ. ತಿಂಗಳು ಬಿಟ್ಟು, ಮುಂಚೆ ಹೇಳದೆ, ಮತ್ತೆ ಕೇಳುತ್ತೇನೆ. ಸುಮ್ನೆ ಹೇಳಿದವರಿಗೆ ನೆನಪಿರುವುದಿಲ್ಲ. ಈ ಹುಡುಗಿಯದು ಮೂರು ಅಕ್ಷರ ಮಾತ್ರ ಬದಲಾಗಿದ್ದವು. ಆ ಮೂರನ್ನೂ ಅವಳು ಮೊದಲೇ ‘ಸರಿಯಾಗಿ ಕಾಣವಲ್ದು’ ಅಂದಿದ್ದಳು.

ಒಂದು ತೊಂದರೆ ಇತ್ತು, ಅದನ್ನು ಯಾರೂ ಕೇಳಿರಲಿಲ್ಲ. ಜಾತ್ರೆಯ ಡಿಜೆ ಸದ್ದು, ಟ್ಯೂಬ್‌ಲೈಟಿನ ಮಿಣುಕು ಅವಳಿಗೆ ತಡೆಯಲು ಆಗುತ್ತಿರಲಿಲ್ಲ. ಸಿನೆಸ್ತೀಸಿಯಾ ಇರುವವರಲ್ಲೂ ಆಟಿಸಂ ಇರುವವರಲ್ಲೂ ಇಂಥ ಸೂಕ್ಷ್ಮತೆ ಜಾಸ್ತಿ ಕಾಣುತ್ತದೆ. ಅವಳಿಗೆ ಆಟಿಸಂ ಇರಲಿಲ್ಲ. ಕಿವಿಗೆ ಹತ್ತಿ, ಕ್ಲಾಸಿನಲ್ಲಿ ಕಿಟಕಿ ಪಕ್ಕದ ಜಾಗ. ಇಷ್ಟಕ್ಕೇ ಅವಳ ತಲೆನೋವು ಅರ್ಧ ಇಳಿಯಿತು.

ಮಾತ್ರೆ ಬರೆಯಲಿಲ್ಲ. ಅಪ್ಪನಿಗೆ ಒಂದು ಚೀಟಿ ಕೊಟ್ಟೆ: ದೊಡ್ಡವಳಾದ ಮೇಲೆ ಹೊಸದಾಗಿ ಬೇರೆ ಏನಾದರೂ ಕಾಣಿಸತೊಡಗಿದರೆ, ಯಾರೋ ತನ್ನ ಬಗ್ಗೆ ಮಾತಾಡುವುದು ಕೇಳಿಸಿದರೆ, ಜನರ ಮೇಲೆ ಕಾರಣವಿಲ್ಲದ ಸಂಶಯ ಬಂದರೆ, ತಿಂಗಳುಗಟ್ಟಲೆ ನಿದ್ದೆ, ಓದು, ಸ್ನಾನ ತಪ್ಪಿದರೆ, ಫಿಟ್ಸ್ ಬಂದರೆ ತಡಮಾಡದೆ ಕರೆದುಕೊಂಡು ಬನ್ನಿ. ‘ಕ’ ಇಟ್ಟಂಗಿ ಬಣ್ಣ ಅಂದರೆ ಬರಬೇಕಾಗಿಲ್ಲ.