ಆರ್‌ಸಿ ಕಾರಿನ ಶಾಕ್‌ಗೆ ಯಾವ ಆಯಿಲ್ ಹಾಕಬೇಕು?

ಪ್ರಶ್ನೆ: ನನ್ನ ಹತ್ತಿರ 1:10 ಅಳತೆಯ ಟೂ ವೀಲ್ ಡ್ರೈವ್ ಬಗ್ಗಿ, ಅಂದರೆ ರಿಮೋಟ್‌ನಲ್ಲಿ ಓಡಿಸುವ ಆರ್‌ಸಿ ಕಾರು ಇದೆ. ಕಾಫಿ ಕಣದಲ್ಲಿ ಚೆನ್ನಾಗಿ ಓಡುತ್ತದೆ. ತೋಟದ ರಸ್ತೆಗೆ ಇಳಿಸಿದರೆ ಕುಪ್ಪಳಿಸುತ್ತದೆ, ತಿರುವಿನಲ್ಲಿ ಮಗುಚಿಕೊಳ್ಳುತ್ತದೆ. ಶಾಕ್ (ಶಾಕ್ ಅಬ್ಸಾರ್ಬರ್) ಆಯಿಲ್ ಬದಲಾಯಿಸಿ ಅನ್ನುತ್ತಾರೆ. ಒಂದು ಬಾಟಲಿಯ ಮೇಲೆ 30 ಅಂತಿದೆ, ಇನ್ನೊಂದರ ಮೇಲೆ 350. ಯಾವುದು ತೊಗೊಳ್ಳಲಿ? ಬೈಕಿನ ಫೋರ್ಕ್ ಆಯಿಲ್ ಹಾಕಿದರೆ ಆಗಲ್ವಾ?
(ಗೋಣಿಕೊಪ್ಪದ ಓದುಗರೊಬ್ಬರು)

ಉತ್ತರ: ನೀವು ನೋಡಿದ ಎರಡೂ ಬಾಟಲಿಯಲ್ಲಿ ಇರುವುದು ಒಂದೇ ಆಯಿಲ್ ಇರಬಹುದು! 30 ಅನ್ನುವುದು ಡಬ್ಲ್ಯುಟಿ (ವೇಯ್ಟ್) ಲೆಕ್ಕ, ಅಂದರೆ ಆಯಿಲ್ ಎಷ್ಟು ಮಂದ ಅಂತ ಕಂಪನಿ ಕೊಡುವ ನಂಬರ್; 350 ಅನ್ನುವುದು ಸೆಂಟಿಸ್ಟೋಕ್ ಲೆಕ್ಕ, ಅಂದರೆ ಬಾಟಲಿಯ ಮೇಲಿನ ಸಿಎಸ್‌ಟಿ. ಆರ್‌ಸಿ ಕಾರು ಮಾಡುವ ಟೀಮ್ ಅಸೋಸಿಯೇಟೆಡ್ ಕಂಪನಿಯ ಪಟ್ಟಿಯಲ್ಲಿ 30 ಅಂದರೆ 350 ಸಿಎಸ್‌ಟಿ, 40 ಅಂದರೆ 500. ಆದರೆ ಡಬ್ಲ್ಯುಟಿ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಸಿಎಸ್‌ಟಿ ಹಾಗಲ್ಲ, ಅದು ಅಳೆದು ಹೇಳುವ ಮಂದತನ. ನೀರು ಸುಮಾರು 1 ಸಿಎಸ್‌ಟಿ ಅಂದರೆ 350 ಎಷ್ಟು ಮಂದ ಅಂತ ಗೊತ್ತಾಗುತ್ತದೆ. ಇನ್ನು ಮುಂದೆ ಸಿಎಸ್‌ಟಿ ನೋಡಿಯೇ ಕೊಳ್ಳಿ.

ಈಗ ಕುಪ್ಪಳಿಸುವ ವಿಷಯ. ಇಲ್ಲಿ ಅವಸರ ಬೇಡ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಎಷ್ಟು ಬೇಗ ಕುಗ್ಗಬೇಕು, ಎಷ್ಟು ಬೇಗ ಹಿಗ್ಗಬೇಕು ಅನ್ನುವುದನ್ನು ಹಿಡಿತದಲ್ಲಿ ಇಡುವುದು ಆಯಿಲ್. ಶಾಕ್ ಒಳಗೆ ಸಣ್ಣ ತೂತುಗಳ ಪಿಸ್ಟನ್ ಇರುತ್ತದೆ, ಆಯಿಲ್ ಆ ತೂತಿನಲ್ಲೇ ನುಸುಳಿ ಆಚೆ ಹೋಗಬೇಕು. ಆಯಿಲ್ ತುಂಬಾ ಮಂದವಾದರೆ ಚಿಕ್ಕ ಕಲ್ಲುಗಳ ಮೇಲೆ ಚಕ್ರ ಬೇಗ ಮೇಲೆ ಕೆಳಗೆ ಆಡುವುದಿಲ್ಲ. ಕಾರು ಟಕಟಕ ಅಂತ ಹಾರುತ್ತಾ ಹೋಗುತ್ತದೆ. ತುಂಬಾ ತೆಳುವಾದರೆ ಕತೆ ಬೇರೆ. ದೊಡ್ಡ ಉಬ್ಬು ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗಾಡುತ್ತದೆ, ತಿರುವಿನಲ್ಲಿ ಒಂದೇ ಕಡೆ ಬೇಗ ವಾಲುತ್ತದೆ.

ನಿಮ್ಮದು ಯಾವುದು? ಕಾರನ್ನು ಒಂದು ಗೇಣಿನಷ್ಟು ಎತ್ತಿ, ಸಮವಾಗಿ ಹಿಡಿದು ನೆಲಕ್ಕೆ ಬಿಡಿ. ಕುಗ್ಗಿ, ಮೇಲೆ ಬಂದು, ಅಲ್ಲೇ ನಿಂತರೆ ಸರಿ. ಪುಟಿದರೆ ಆಯಿಲ್ ತೆಳು. ನಿಧಾನಕ್ಕೆ ಏಳುತ್ತಿದ್ದರೆ ಮಂದ. ಸಮತಟ್ಟು ಕಣದಲ್ಲಿ ಚೆನ್ನಾಗಿ ಓಡಿ ಕಲ್ಲು ದಾರಿಯಲ್ಲಿ ಮಾತ್ರ ಹಾರುವುದರಿಂದ, ನಿಮ್ಮದು ಮಂದವೇ ಇರಬೇಕು ಅಂತ ನನಗನ್ನಿಸುತ್ತದೆ. ಮುಂದಿನ ಶಾಕ್‌ಗೆ 350, ಹಿಂದಿನದಕ್ಕೆ 300ರಿಂದ ಶುರು ಮಾಡಿ. ಆಮೇಲೆ ಒಂದು ಸಲಕ್ಕೆ 50 ಮಾತ್ರ ಬದಲಿಸಿ. ಸ್ಪ್ರಿಂಗನ್ನೂ ಪಿಸ್ಟನ್ನನ್ನೂ ಜೊತೆಗೇ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಫೋರ್ಕ್ ಆಯಿಲ್ ಬೇಡವೇ ಬೇಡ. ಆರ್‌ಸಿ ಶಾಕ್‌ಗೆ ಹಾಕುವುದು ಸಿಲಿಕೋನ್ ಆಯಿಲ್. ಪೆಟ್ರೋಲಿಯಂನಿಂದ ಬಂದ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ರಿಂಗುಗಳು ಉಬ್ಬಿ ಶಾಕ್ ಬಿಗಿಯಬಹುದು. ಕೊಬ್ಬರಿ ಎಣ್ಣೆ ಕೇಳುವವರೂ ಇದ್ದಾರೆ. ಮಡಿಕೇರಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಆ ಬಾಟಲಿ ನೋಡಿದ್ದೀರಲ್ವಾ? ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ.

ಚಳಿ ಸಿಲಿಕೋನ್‌ಗೂ ತಟ್ಟುತ್ತದೆ, ಆದರೆ ಕಡಿಮೆ. ಬಾಟಲಿಯ ಮೇಲಿನ ಸಿಎಸ್‌ಟಿ ಸಾಮಾನ್ಯವಾಗಿ 25 ಡಿಗ್ರಿಯದ್ದು. 10 ಡಿಗ್ರಿಗೆ ಇಳಿದರೆ ಮಂದತನ ಸುಮಾರು ಮೂರನೇ ಒಂದು ಪಾಲು ಜಾಸ್ತಿಯಾಗುತ್ತದೆ. ಅಂದರೆ 350 ತುಂಬಿದ ಶಾಕ್ ಚಳಿಯ ಬೆಳಿಗ್ಗೆ 450ರ ಆಚೆಗಿನದರ ಹಾಗೆ ನಡೆದುಕೊಳ್ಳುತ್ತದೆ. ಬೆಳಿಗ್ಗೆ ಬೇಗ ಓಡಿಸುವವರು ಒಂದು ಮೆಟ್ಟಿಲು ತೆಳು ಹಾಕಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಮೊದಲಿದ್ದ ಆಯಿಲೇ ಸರಿ.

ತುಂಬುವಾಗ ಅರ್ಧ ಜನ ಅವಸರ ಮಾಡುತ್ತಾರೆ. ಪಿಸ್ಟನ್ ಕಚ್ಚಿಕೊಂಡಿರುವ ರಾಡನ್ನು ಪೂರ್ತಿ ಕೆಳಗೆ ಎಳೆದು ಆಯಿಲ್ ಹಾಕಿ. ಪಿಸ್ಟನ್ ಅನ್ನು ಆಯಿಲ್‌ನಿಂದ ಹೊರಬಾರದ ಹಾಗೆ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ತೂತುಗಳಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಗುಳ್ಳೆ ಪೂರ್ತಿ ಹೋದ ಮೇಲೆ ಮುಚ್ಚಳ ಹಾಕಿ. ಗುಳ್ಳೆ ಉಳಿದರೆ ಶಾಕ್ ಆಡಿಸುವಾಗ ಚುಯ್ಯ್ ಅಂತ ಸದ್ದು ಬರುತ್ತದೆ, ಎಡ ಬಲ ಎರಡೂ ಒಂದೇ ಥರ ಆಡುವುದಿಲ್ಲ.

ಇನ್ನೊಂದು, 3000, 5000, 10000 ಅಂತ ಬರೆದ ಬಾಟಲಿ ಶಾಕ್‌ಗಲ್ಲ, ಡಿಫರೆನ್ಷಿಯಲ್‌ಗೆ (ತಿರುವಿನಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು). ಮಳೆಗಾಲದಲ್ಲಿ ಕೆಸರಿನಲ್ಲಿ ಓಡಿಸಿದ್ದರೆ ರಾಡ್ ಒರೆಸಿ ನೋಡಿ. ಅದರ ಸುತ್ತ ಆಯಿಲ್ ಜಿನುಗಿದ್ದರೆ, ಹೊಸ ಆಯಿಲ್ ಹಾಕುವ ಮೊದಲು ರಿಂಗ್ ಬದಲಾಯಿಸಿ.